ಆಳಗಡಲ ಬಿಸಿನೀರ ಬುಗ್ಗೆಗಳ ಸೂಕ್ಷ್ಮಜೀವಿಗಳು: ಒಂದು ಶೋಧಕಥನದ ವಿಮರ್ಶೆ

೧೯೭೭ನೆಯ ಇಸವಿ ಫೆಬ್ರವರಿ ೧೭ರಂದು ಜಾಕ್ ಕಾರ್ಲಿಸ್, ಟ್ಜೇರ್ಡ್ ವಾನ್ ಆಂಡೆಲ್ ಎಂಬ ಇಬ್ಬರು ಭೂವಿಜ್ಞಾನಿಗಳೂ ಜಾಕ್ ಡೊನೆಲಿ ಎಂಬ ಚಾಲಕನೂ 'ಆಲ್ವಿನ್' ಎಂಬ ಪುಟ್ಟ ಮುಳುಗುನೌಕೆಯಲ್ಲಿ ಕುಳಿತು, ಗಲಪಗಾಸ್ ದ್ವೀಪಗಳ ಈಶಾನ್ಯಕ್ಕೆ ಪೆಸಿಫಿಕ್ ಸಾಗರದಲ್ಲಿ ಸುಮಾರು ೨,೫೦೦ ಮೀಟರ್ ಆಳಕ್ಕೆ ಇಳಿದರು. ಅಲ್ಲಿ ನೆಲದ ಬಿರುಕುಗಳಿಂದ ಬೆಚ್ಚಗಿನ ನೀರು ಒಸರುತ್ತಿತ್ತು. ಅದರ ಸುತ್ತಲೂ ದೊಡ್ಡ ದೊಡ್ಡ ಕಪ್ಪೆಚಿಪ್ಪುಗಳೂ ಏಡಿಗಳೂ ಒತ್ತೊತ್ತಾಗಿ ನೆರೆದಿದ್ದವು. ಬೆಳಕಿನ ಕಿರಣವೊಂದೂ ಮುಟ್ಟದ ಆ ತಾಣದಲ್ಲಿ ಇಷ್ಟು ಜೀವಿಗಳಿಗೆ ಅನ್ನ ಎಲ್ಲಿಂದ ಎಂಬ ಪ್ರಶ್ನೆಗೆ, ಬುಗ್ಗೆಯ ನೀರಿನಲ್ಲಿರುವ ಜಲಜನಕದ ಸಲ್ಫೈಡಿನಿಂದ ಶಕ್ತಿಯನ್ನು ಪಡೆದು ಬದುಕುವ ಸೂಕ್ಷ್ಮಜೀವಿಗಳಿಂದ ಎಂಬ ಉತ್ತರ ದೊರೆಯಿತು. ಈ ಘಟನೆಯನ್ನು ಕುರಿತು ಪಠ್ಯಪುಸ್ತಕಗಳಲ್ಲಿಯೂ ಜನಪ್ರಿಯ ಗ್ರಂಥಗಳಲ್ಲಿಯೂ ಒಂದು ಕಥೆ ನೆಲೆನಿಂತಿದೆ. ಯಾರೂ ಎಣಿಸದಿದ್ದುದನ್ನು ಅಂದು ಆಕಸ್ಮಿಕವಾಗಿ ಕಂಡರು. ಅದುವರೆಗೆ ಅರಿಯದಿದ್ದ ಹೊಸದೊಂದು ಜೀವನಕ್ರಮ ಅಂದು ಬೆಳಕಿಗೆ ಬಂತು. ಸೂರ್ಯನ ಹಂಗೇ ಇಲ್ಲದ ಜೀವಲೋಕವೊಂದು ಇದೆಯೆಂದು ಅಂದು ಸಿದ್ಧವಾಯಿತು ಎಂಬುದೇ ಆ ಕಥೆ. ಇವುಗಳಲ್ಲಿ ಮೊದಲನೆಯ ಮಾತು ಅರ್ಧ ಸತ್ಯ; ಎರಡನೆಯದು ತಪ್ಪು; ಮೂರನೆಯದು ಎಷ್ಟು ಆಕರ್ಷಕವೋ ಅಷ್ಟೇ ತೊಡಕಿನದು. ಇದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಇತಿಹಾಸದ ಅಧ್ಯಾಪಕನಿಗೆ ಕಡಲತಳದಲ್ಲಿ ಏನು ಕೆಲಸವೆಂದು ಯಾರಾದರೂ ಕೇಳಬಹುದು. ಕೇಳುವುದು ನ್ಯಾಯವೇ. ವಿಜ್ಞಾನದ ಇತಿಹಾಸವನ್ನು ಕೆಲವು ವರ್ಷಗಳಿಂದ ಪದವಿ ತರಗತಿಗೆ ಬೋಧಿಸುತ್ತಿರುವ ನಾನು ಮೇಲೆ ಹೇಳಿದ ಕಥೆಯನ್ನು ಅದರ ಮೂರು ಅಂಗಗಳೊಡನೆ, ಸಾಕಷ್ಟು ಉತ್ಸಾಹದಿಂದಲೇ, ಹೇಳಿಕೊಂಡು ಬಂದವನು. ಒಂದು ದಿನ ಹಿಂದಿನ ಸಾಲಿನ ವಿದ್ಯಾರ್ಥಿಯೊಬ್ಬ ಎದ್ದುನಿಂತು, "ಸಾರ್, ಆ ಸಲ್ಫೈಡು ಉತ್ಕರ್ಷಣವಾಗಬೇಕಾದರೆ ಆಮ್ಲಜನಕ ಬೇಕಲ್ಲ? ಸಮುದ್ರದ ತಳದಲ್ಲಿ ಅದು ಎಲ್ಲಿಂದ ಬರುತ್ತದೆ?" ಎಂದು ಕೇಳಿದ. ನಾಳೆ ಹೇಳುತ್ತೇನೆಂದೆ. ಮರುದಿನವೂ ಹೇಳಲಾಗಲಿಲ್ಲ. ಶಾಸನವನ್ನಾಗಲಿ ಬಖೈರನ್ನಾಗಲಿ ಓದುವಾಗ, ಬರೆದವರು ಯಾರು, ಯಾವಾಗ, ಯಾರಿಗಾಗಿ ಎಂದು ಕೇಳದೆ ಒಂದು ಸಾಲನ್ನೂ ನಂಬಬೇಡಿರೆಂದು ವಿದ್ಯಾರ್ಥಿಗಳಿಗೆ ಬೋಧಿಸುವ ನಾನು, ವಿಜ್ಞಾನಿಗಳ ವಿಷಯ ಬಂದಾಗ ಕೇಳಿದ ಕಥೆಯನ್ನೇ ದಾಟಿಸಿದ್ದೆ. ಮುಂದಿನ ಪುಟಗಳು ಆ ವಿದ್ಯಾರ್ಥಿಗೆ ತಡವಾಗಿ ಕೊಟ್ಟ ಉತ್ತರವೆಂದು ತಿಳಿದರೆ ನನಗೆ ಬೇಸರವಿಲ್ಲ.

ಎರಡನೆಯ ಮಾತನ್ನು ಮೊದಲು ತೆಗೆದುಕೊಳ್ಳೋಣ. ಬೆಳಕಿಲ್ಲದೆ, ನಿರವಯವ ವಸ್ತುಗಳ ಉತ್ಕರ್ಷಣದಿಂದಲೇ ಶಕ್ತಿಯನ್ನು ಪಡೆಯುವ ಜೀವಿಗಳುಂಟೆಂಬುದು ೧೯೭೭ರ ಶೋಧವಲ್ಲ. ಅದಕ್ಕೆ ತೊಂಬತ್ತು ವರ್ಷ ಹಿಂದಿನದು. ಕೀವ್ ನಗರದಲ್ಲಿ ೧೮೫೬ರಲ್ಲಿ ಹುಟ್ಟಿದ ಸೆರ್ಗೇ ವಿನೊಗ್ರಾಡ್ಸ್ಕಿ ಎಂಬ ವಿಜ್ಞಾನಿ ಸ್ಟ್ರಾಸ್‌ಬರ್ಗಿನಲ್ಲಿ ಆಂಟನ್ ಡಿ ಬಾರಿಯ ಪ್ರಯೋಗಶಾಲೆಯಲ್ಲಿದ್ದಾಗ, ಗಂಧಕದ ಚಿಲುಮೆಗಳ ನೀರಿನಲ್ಲಿ ಬಿಳಿಯ ನೂಲಿನಂತೆ ಬೆಳೆಯುವ ಬೆಗ್ಗಿಯಟೋವ ಎಂಬ ಬ್ಯಾಕ್ಟೀರಿಯವನ್ನು ಪರಿಶೀಲಿಸಿದನು. ಅವನು ಹಿಡಿದ ದಾರಿ ಅತ್ಯಂತ ಸರಳವಾದುದು. ಗಾಜಿನ ಪಟ್ಟಿಯ ಮೇಲಿನ ಹನಿಯಲ್ಲಿ ನೂಲುಗಳನ್ನಿಟ್ಟು, ಜಲಜನಕದ ಸಲ್ಫೈಡನ್ನು ಒದಗಿಸಿದಾಗ ಏನಾಗುತ್ತದೆ, ಒದಗಿಸದಿದ್ದಾಗ ಏನಾಗುತ್ತದೆ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಕುಳಿತನು. ಒದಗಿಸಿದಾಗ ಜೀವಕೋಶಗಳೊಳಗೆ ಗಂಧಕದ ಹರಳುಗಳು ತುಂಬಿಕೊಳ್ಳುತ್ತಿದ್ದವು. ಒದಗಿಸದಿದ್ದಾಗ ಅವು ಕರಗಿ ಸಲ್ಫೇಟಾಗುತ್ತಿದ್ದವು. ಗಂಧಕ ತೀರಿದ ಮೇಲೆ ನೂಲುಗಳು ಸೊರಗುತ್ತಿದ್ದವು. ನಾವು ಅನ್ನವನ್ನು ಉಸಿರಿನಿಂದ ಸುಡುವಂತೆ ಈ ಜೀವಿ ಗಂಧಕವನ್ನು ಸುಡುತ್ತದೆಯೆಂದು ಅವನು ೧೮೮೭ರಲ್ಲಿ ಪ್ರಕಟಿಸಿದನು. ಆಮೇಲೆ ಜ಼ೂರಿಕ್‌ನಲ್ಲಿ ಅಮೋನಿಯವನ್ನು ಉತ್ಕರ್ಷಿಸುವ ಮಣ್ಣಿನ ಬ್ಯಾಕ್ಟೀರಿಯಗಳನ್ನು ಹಿಡಿದು, ಬೆಳಕೂ ಸಾವಯವ ಆಹಾರವೂ ಇಲ್ಲದೆ, ಇಂಗಾಲದ ಡೈ ಆಕ್ಸೈಡಿನಿಂದಲೇ ಅವು ತಮ್ಮ ಒಡಲನ್ನು ಕಟ್ಟಿಕೊಳ್ಳುತ್ತವೆಂದು ತೋರಿಸಿಕೊಟ್ಟನು. ಈ ಕ್ರಮಕ್ಕೆ ವಿಲ್ಹೆಲ್ಮ್ ಫೆಫರ್ ೧೮೯೭ರಲ್ಲಿ ಕೊಟ್ಟ ಹೆಸರನ್ನೇ ನಾವು ರಸಾಯನಸಂಶ್ಲೇಷಣೆಯೆಂದು ಕನ್ನಡಿಸುತ್ತೇವೆ. ಹೆಸರು ಬಂದು ಎಂಬತ್ತು ವರ್ಷವಾದ ಮೇಲೆ ಆಲ್ವಿನ್ ನೌಕೆ ಗಲಪಗಾಸಿನ ಬಿರುಕಿಗೆ ಇಳಿಯಿತು.

ಹಾಗಾದರೆ ಹೊಸದೇನು? ರಾಸಾಯನಿಕ ಕ್ರಮ ಹಳೆಯದು, ಪ್ರಮಾಣ ಹೊಸದು. ವಿನೊಗ್ರಾಡ್ಸ್ಕಿಯ ನೂಲುಗಳನ್ನು ಜೀವವಿಜ್ಞಾನಿಗಳು ಒಂದು ವೈಚಿತ್ರ್ಯವೆಂದು ಗೌರವಿಸಿ ಗ್ರಂಥಗಳ ಮೂಲೆಯಲ್ಲಿಟ್ಟಿದ್ದರು. ಕೆಸರಿನಲ್ಲಿಯೂ ಚಿಲುಮೆಯ ಬಾಯಿಯಲ್ಲಿಯೂ ತೆಳ್ಳಗೆ ಬೆಳೆಯುವ ಇಂಥ ಜೀವಿಗಳು ಒಂದು ಊರಿನಷ್ಟು ದಟ್ಟವಾದ ಪ್ರಾಣಿಸಮುದಾಯವನ್ನು ಸಾಕಬಲ್ಲವೆಂದು ಯಾರೂ ಲೆಕ್ಕ ಹಾಕಿರಲಿಲ್ಲ. ಶೋಧದ ನಿಜವಾದ ಮಹತ್ವ ಇದು. ಇದನ್ನು ಬಿಟ್ಟು, ಕ್ರಮವೇ ಅಂದು ಕಾಣಿಸಿತೆಂದು ಬರೆಯುವ ಪಠ್ಯಪುಸ್ತಕ ವಿನೊಗ್ರಾಡ್ಸ್ಕಿಗೆ ಅನ್ಯಾಯವನ್ನು ಮಾಡುವುದಲ್ಲದೆ ೧೯೭೭ರ ವಿಜ್ಞಾನಿಗಳಿಗೂ ತಪ್ಪು ಕಾರಣಕ್ಕಾಗಿ ಹಾರ ಹಾಕುತ್ತದೆ.

ಇನ್ನು ಆಕಸ್ಮಿಕವೆಂಬ ಮಾತು. ಆಳಗಡಲು ಬರಿದೆಂಬ ಭಾವನೆಗೆ ಒಂದು ಇತಿಹಾಸವಿದೆ. ಎಡ್ವರ್ಡ್ ಫೋರ್ಬ್ಸ್ ಎಂಬ ಪ್ರಕೃತಿವಿಜ್ಞಾನಿ ೧೮೪೦ರ ದಶಕದಲ್ಲಿ ಏಜಿಯನ್ ಸಮುದ್ರದಲ್ಲಿ ಬಲೆಯೆಳೆದು, ಆಳ ಹೆಚ್ಚಿದಂತೆ ಜೀವಿಗಳು ಕಡಮೆಯಾಗುವುದನ್ನು ಕಂಡು, ೩೦೦ ಮಾರಿನ ಕೆಳಗೆ ನಿರ್ಜೀವ ವಲಯವಿರಬೇಕೆಂದು ಊಹಿಸಿದನು. ೧೮೭೨ರಿಂದ ೧೮೭೬ರವರೆಗೆ ಲೋಕವನ್ನು ಸುತ್ತಿದ 'ಚಾಲೆಂಜರ್' ನೌಕೆ ಆ ಊಹೆಯನ್ನು ಅಳಿಸಿಹಾಕಿತು. ಆದರೆ ಆಳದಲ್ಲಿ ಜೀವಿಗಳು ವಿರಳವೆಂಬ ಮಾತು ಉಳಿಯಿತು. ಅದು ಬಹುಮಟ್ಟಿಗೆ ನಿಜವೂ ಹೌದು, ಏಕೆಂದರೆ ಮೇಲ್ಗಡಲಿನಿಂದ ಉದುರುವ ಎಂಜಲು ತಳಕ್ಕೆ ತಲಪುವುದು ಅತ್ಯಲ್ಪ.

ಬಿಸಿನೀರ ಬುಗ್ಗೆಗಳನ್ನು ಮಾತ್ರ ಯಾರೂ ಅಕಸ್ಮಾತ್ತಾಗಿ ಕಾಣಲಿಲ್ಲ. ಅವುಗಳನ್ನು ಹುಡುಕಿಕೊಂಡೇ ಹೋದರು. ನಡುಸಾಗರದ ಪರ್ವತಶ್ರೇಣಿಗಳಲ್ಲಿ ಭೂಫಲಕಗಳು ಅಗಲಿ ಹೊಸ ನೆಲ ಹುಟ್ಟುತ್ತದೆಂಬ ಸಿದ್ಧಾಂತ ೧೯೬೦ರ ದಶಕದಲ್ಲಿ ನೆಲೆಗೊಂಡಿತು. ಅಲ್ಲಿ ಲೆಕ್ಕದಂತೆ ಹೊರಬರಬೇಕಾದ ಶಾಖಕ್ಕಿಂತ ಅಳತೆಗೆ ಸಿಕ್ಕ ಶಾಖ ಕಡಮೆಯಾಗಿತ್ತು. ಉಳಿದುದನ್ನು ಬಿರುಕುಗಳಲ್ಲಿ ಹರಿಯುವ ನೀರು ಹೊತ್ತೊಯ್ಯುತ್ತಿರಬೇಕು ಎಂದು ಭೂವಿಜ್ಞಾನಿಗಳು ತರ್ಕಿಸಿದರು. ೧೯೭೨ರಲ್ಲಿ ಗಲಪಗಾಸಿನ ಬಿರುಕಿನ ಬಳಿ ತಳದ ನೀರಿನ ಉಷ್ಣತೆಯಲ್ಲಿ ಸಣ್ಣ ಏರುಪೇರುಗಳು ಸಿಕ್ಕವು. ೧೯೭೬ರಲ್ಲಿ ಹಡಗಿನಿಂದ ಇಳಿಬಿಟ್ಟ ಛಾಯಾಗ್ರಾಹಕ ಯಂತ್ರಗಳು ಅಲ್ಲಿಯ ಚಿತ್ರಗಳನ್ನು ತೆಗೆದವು. ಒಂದು ತಾಣದ ಚಿತ್ರದಲ್ಲಿ ದೊಡ್ಡ ಬಿಳಿಯ ಚಿಪ್ಪುಗಳೂ ಜೊತೆಗೆ ಬೀರಿನ ಡಬ್ಬಿಯೊಂದೂ ಕಾಣಿಸಿದುದರಿಂದ, ಯಾವುದೋ ಹಡಗಿನವರು ಔತಣ ಮುಗಿಸಿ ಎಸೆದ ಕಸವಿರಬಹುದೆಂದು ವಿನೋದಕ್ಕೆ ಅದಕ್ಕೊಂದು ಔತಣದ ಹೆಸರನ್ನೇ ಇಟ್ಟರು. ಮುಂದಿನ ವರ್ಷ ಜೀವಿಗಳು ಕಂಡ ತಾಣಗಳಲ್ಲಿ ಅದೂ ಒಂದು! ಪೀಟರ್ ಲಾನ್ಸ್‌ಡೇಲ್ ಇಂಥ ಚಿತ್ರಗಳನ್ನು ಆಧರಿಸಿ, ಬುಗ್ಗೆಗಳ ಬಳಿ ದೊಡ್ಡ ಪ್ರಾಣಿಗಳು ಗುಂಪುಗೂಡುವುದನ್ನು ಕುರಿತು ೧೯೭೭ರಲ್ಲಿಯೇ ಲೇಖನವನ್ನು ಪ್ರಕಟಿಸಿದನು. ಕಣ್ಣಿಗೆ ಬಿದ್ದುದು ಬೇರೆ, ಕಂಡದ್ದು ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾನು ತರಗತಿಯಲ್ಲಿ ಕೊಡಲಾರೆ.

ಆದರೂ ಆಕಸ್ಮಿಕವೆಂಬ ಮಾತಿನಲ್ಲಿ ಅರ್ಧ ಸತ್ಯವುಂಟೆಂದು ಹೇಳಿದೆನಷ್ಟೆ. ಬುಗ್ಗೆಗಳನ್ನು ನಿರೀಕ್ಷಿಸಿದ್ದವರು ಪ್ರಾಣಿಗಳನ್ನು ನಿರೀಕ್ಷಿಸಿರಲಿಲ್ಲ. ೧೯೭೭ರ ಯಾತ್ರೆಯಲ್ಲಿ ಜೀವವಿಜ್ಞಾನಿ ಒಬ್ಬನೂ ಇರಲಿಲ್ಲ. ಪ್ರಾಣಿಗಳನ್ನು ಕೆಡದಂತೆ ಇಡಲು ಹಡಗಿನಲ್ಲಿದ್ದ ಫಾರ್ಮಲಿನ್ ಸಾಲದೆ, ಪನಾಮದಲ್ಲಿ ಕೊಂಡಿದ್ದ ರಷ್ಯನ್ ವೋಡ್ಕಾವನ್ನು ಬಳಸಿದರು. ಮೇಲೆ ತಂದ ನೀರಿನ ಪಾತ್ರೆಗಳನ್ನು ತೆರೆದಾಗ ಕೊಳೆತ ಮೊಟ್ಟೆಯ ನಾತ ಹಬ್ಬಿ, ಜಲಜನಕದ ಸಲ್ಫೈಡಿನ ಸುಳಿವು ಕೊಟ್ಟಿತು. ಭೂರಸಾಯನಜ್ಞರಿಗೆ ಉತ್ತರದ ದಿಕ್ಕು ಅಲ್ಲಿಯೇ ತೋರಿತು. ೧೯೭೯ರ ಮಾರ್ಚಿಯಲ್ಲಿ ಅವರು ಪ್ರಕಟಿಸಿದ ಲೇಖನದಲ್ಲಿ ಸಲ್ಫೈಡನ್ನು ಉತ್ಕರ್ಷಿಸುವ ಬ್ಯಾಕ್ಟೀರಿಯಗಳೇ ಆಹಾರದ ಮೂಲವಿರಬೇಕೆಂಬ ಸೂಚನೆಯಿದೆ. ವಿನೊಗ್ರಾಡ್ಸ್ಕಿಯ ಪಾಠ ಇಲ್ಲದಿದ್ದರೆ ಆ ನಾತ ನಾತವಾಗಿಯೇ ಉಳಿಯುತ್ತಿತ್ತು.

ಅದೇ ವರ್ಷ ಜೀವವಿಜ್ಞಾನಿಗಳು ಗಲಪಗಾಸಿಗೆ ಮತ್ತೆ ಹೋದರು. ಮೆಕ್ಸಿಕೋ ಕರಾವಳಿಗೆ ದೂರದಲ್ಲಿ ೨೧ ಡಿಗ್ರಿ ಉತ್ತರ ಅಕ್ಷಾಂಶದ ಬಳಿ ಮತ್ತೊಂದು ತಂಡ ಕರಿಹೊಗೆಯಂಥ ನೀರನ್ನು ಉಗುಳುವ ಕಲ್ಲಿನ ಕೊಳವೆಗಳನ್ನು ಕಂಡಿತು. ಅಲ್ಲಿಯ ನೀರಿನ ಉಷ್ಣತೆ ೩೫೦ ಡಿಗ್ರಿಗೂ ಮೇಲು. ಮೇಲಿನ ನೀರಿನ ಭಾರದಿಂದ ಅದು ಕುದಿಯುವುದಿಲ್ಲ. ಗಲಪಗಾಸಿನ ಬುಗ್ಗೆಗಳಾದರೋ ಹದವಾದ ಬಿಸಿಯವು: ಸುತ್ತಣ ೨ ಡಿಗ್ರಿಯ ನೀರಿನಲ್ಲಿ ಹತ್ತು ಹದಿನೈದು ಡಿಗ್ರಿಯಷ್ಟು. ಈ ಎರಡನ್ನೂ ಒಂದಾಗಿಸಿ, ಪ್ರಾಣಿಗಳು ಕುದಿನೀರಿನಲ್ಲಿ ವಾಸಿಸುತ್ತವೆಂದು ಬರೆಯುವವರೂ ಉಂಟು. ಅದನ್ನು ಇಲ್ಲಿ ಹೆಚ್ಚು ಬೆಳೆಸುವುದಿಲ್ಲ.

ಕಥೆಯ ನಿಜವಾದ ಹುರುಳು ಕೊಳವೆಹುಳುವಿನಲ್ಲಿದೆ. ರಿಫ್ಟಿಯ ಪಕಿಪ್ಟಿಲ ಎಂದು ಮೆರೆಡಿತ್ ಜೋನ್ಸ್ ಹೆಸರಿಟ್ಟು ವರ್ಣಿಸಿದ ಈ ಹುಳು ಬಿಳಿಯ ಕೊಳವೆಯಲ್ಲಿ ನಿಂತು, ರಕ್ತವರ್ಣದ ಕುಚ್ಚನ್ನು ನೀರಿಗೆ ಚಾಚಿರುತ್ತದೆ. ಎರಡು ಮೀಟರಿನಷ್ಟು ಉದ್ದ ಬೆಳೆಯಬಲ್ಲದು. ಅದಕ್ಕೆ ಬಾಯಿಯಿಲ್ಲ, ಜಠರವಿಲ್ಲ, ಗುದವಿಲ್ಲ. ಒಡಲಿನ ಬಹುಭಾಗ ಕಂದುಬಣ್ಣದ ಮೆತ್ತನೆಯ ಒಂದು ಅಂಗದಿಂದ ತುಂಬಿದೆ. ತಿನ್ನದ ಪ್ರಾಣಿ ಹೀಗೆ ಬೆಳೆಯುವುದೆಂತು? ಈ ಪ್ರಶ್ನೆಯೂ ಹೊಸದಲ್ಲವೆಂಬುದನ್ನು ಕಥೆ ಹೇಳುವವರು ಮರೆಯುತ್ತಾರೆ. ಬಾಯಿಜಠರಗಳಿಲ್ಲದ ಕೂದಲೆಳೆಯಂಥ ಹುಳುಗಳು ಡಚ್ಚರ 'ಸಿಬೋಗ' ನೌಕೆಯ ಯಾತ್ರೆಯಲ್ಲಿ ಇಂಡೋನೇಷ್ಯದ ಕಡಲಿನಲ್ಲಿ ಸಿಕ್ಕು, ಫ್ರೆಂಚ್ ವಿಜ್ಞಾನಿ ಕೋಲೆರಿ ೧೯೧೪ರಲ್ಲಿಯೇ ಅವುಗಳನ್ನು ವರ್ಣಿಸಿದ್ದನು. ಸೋವಿಯೆತ್ ಪ್ರಾಣಿವಿಜ್ಞಾನಿ ಇವಾನೋವ್ ೧೯೬೦ರಲ್ಲಿ ಅವುಗಳನ್ನು ಕುರಿತು ದೊಡ್ಡ ಗ್ರಂಥವನ್ನೇ ಬರೆದನು. ಅವು ಏನನ್ನು ತಿಂದು ಬದುಕುತ್ತವೆಂಬ ಒಗಟು ಅರವತ್ತು ವರ್ಷಗಳಿಗೂ ಮೀರಿ ಹಾಗೆಯೇ ಇತ್ತು. ಹುಳುಗಳು ಸಣ್ಣವಾದುದರಿಂದ ಒಗಟೂ ಸಣ್ಣದೆನಿಸಿರಬೇಕು.

೧೯೮೦ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಜೋನ್ಸ್ ಉಪನ್ಯಾಸವಿತ್ತು, ರಿಫ್ಟಿಯದ ಆ ಕಂದು ಅಂಗದಲ್ಲಿ ಗಂಧಕದ ಹರಳುಗಳು ಕಂಡುಬಂದಿವೆಯೆಂದು ನಡುವೆ ಒಂದು ಮಾತು ಹೇಳಿದರು. ಸಭೆಯಲ್ಲಿದ್ದ ಕಾಲೀನ್ ಕ್ಯಾವನಾ ಎಂಬ ಸಂಶೋಧನ ವಿದ್ಯಾರ್ಥಿನಿ, ಆಗಿನ್ನೂ ಮೊದಲ ವರ್ಷದವಳು, ಎದ್ದುನಿಂತು, ಹಾಗಾದರೆ ಹುಳುವಿನ ಒಡಲಿನೊಳಗೇ ಗಂಧಕವನ್ನು ಉತ್ಕರ್ಷಿಸುವ ಬ್ಯಾಕ್ಟೀರಿಯಗಳಿರಬೇಕೆಂದಳು. ಬ್ಯಾಕ್ಟೀರಿಯಗಳನ್ನು ಹೊರಗಿನ ನೀರಿನಲ್ಲಿ ಹುಡುಕುತ್ತಿದ್ದವರಿಗೆ ಇದು ಹೊಳೆದಿರಲಿಲ್ಲ. ೧೯೮೧ರ ಜುಲೈ ತಿಂಗಳಲ್ಲಿ ಅವಳೂ ಅವಳ ಸಹೋದ್ಯೋಗಿಗಳೂ ಆ ಅಂಗದ ಜೀವಕೋಶಗಳಲ್ಲಿ ಬ್ಯಾಕ್ಟೀರಿಯಗಳು ಕಿಕ್ಕಿರಿದಿರುವುದನ್ನು ಪ್ರಕಟಿಸಿದರು. ಒಂದು ಗ್ರಾಂ ಅಂಗದಲ್ಲಿ ಅವುಗಳ ಎಣಿಕೆ ಶತಕೋಟಿಗಳಲ್ಲಿ. ಅದೇ ಸಂಚಿಕೆಯಲ್ಲಿ ಹಾರ್ಸ್ಟ್ ಫೆಲ್‌ಬೆಕ್, ಇಂಗಾಲದ ಡೈ ಆಕ್ಸೈಡನ್ನು ಆಹಾರವಾಗಿ ಮಾರ್ಪಡಿಸುವ ಕಿಣ್ವಗಳನ್ನು, ಹಸುರು ಗಿಡಗಳಲ್ಲಿರುವಂಥವನ್ನೇ, ಆ ಅಂಗದಲ್ಲಿ ಕಂಡುದಾಗಿ ವರದಿ ಮಾಡಿದನು. ಇತಿಹಾಸದ ವಿದ್ಯಾರ್ಥಿ ಇಲ್ಲಿ ಗಮನಿಸಬೇಕಾದ ಸಣ್ಣ ಸಂಗತಿಯೊಂದಿದೆ. ಕ್ಯಾವನಾ ಮತ್ತು ಸಂಗಡಿಗರ ಲೇಖನದ ಶೀರ್ಷಿಕೆಯಲ್ಲಿಯೇ 'ಸಂಭಾವ್ಯ' ಎಂಬ ಅರ್ಥದ ವಿಶೇಷಣವಿದೆ. ಮೂಲದಲ್ಲಿದ್ದ ಆ ಸಂಕೋಚ ನಕಲಿನಿಂದ ನಕಲಿಗೆ ಇಳಿಯುವಾಗ ಉದುರಿಹೋಗಿದೆ. ಹಸ್ತಪ್ರತಿಗಳನ್ನು ಬಲ್ಲವರಿಗೆ ಇದು ಪರಿಚಿತವಾದ ರೋಗ.

ಸಂಭಾವ್ಯವಾಗಿದ್ದುದು ಮುಂದೆ ದೃಢವಾಯಿತು. ಹುಳುವಿನ ರಕ್ತದ ಹೀಮೋಗ್ಲೋಬಿನ್ ಆಮ್ಲಜನಕವನ್ನೂ ಸಲ್ಫೈಡನ್ನೂ ಬೇರೆಬೇರೆ ಸ್ಥಾನಗಳಲ್ಲಿ ಹಿಡಿದು ಒಳಗಣ ಬ್ಯಾಕ್ಟೀರಿಯಗಳಿಗೆ ಸಾಗಿಸುತ್ತದೆ. ನಮ್ಮ ಒಡಲಿಗೆ ವಿಷವಾದುದು ಅಲ್ಲಿ ಬುತ್ತಿ. ಬ್ಯಾಕ್ಟೀರಿಯಗಳನ್ನು ಹುಳು ತಾಯಿಯಿಂದ ಪಡೆದು ಹುಟ್ಟುವುದಿಲ್ಲ. ಮರಿಯಾಗಿರುವಾಗ ಸುತ್ತಣ ನೀರಿನಿಂದ ಚರ್ಮದ ಮೂಲಕ ಪಡೆಯುತ್ತದೆಂದು ೨೦೦೬ರಲ್ಲಿ ತಿಳಿದುಬಂತು. ಇನ್ನೂ ಮುಖ್ಯವಾದುದು ಕ್ಯಾವನಾ ಆಮೇಲೆ ಮಾಡಿದ ಕೆಲಸ. ಅವಳು ಆಳಗಡಲನ್ನು ಬಿಟ್ಟು ಅಮೆರಿಕದ ಪೂರ್ವ ಕರಾವಳಿಯ ಕೆಸರಿಗೆ ಬಂದು, ಅಲ್ಲಿಯ ಸಣ್ಣ ಕಪ್ಪೆಚಿಪ್ಪುಗಳ ಕಿವಿರುಗಳಲ್ಲಿಯೂ ಇಂಥದೇ ಸಹಜೀವನವನ್ನು ತೋರಿಸಿ ೧೯೮೩ರಲ್ಲಿ ಪ್ರಕಟಿಸಿದಳು. ಮೊಣಕಾಲುದ್ದದ ನೀರಿನಲ್ಲಿ ಶತಮಾನಗಳಿಂದ ಕಾಲಿಗೆ ತಾಗುತ್ತಿದ್ದುದನ್ನು ಅರಿಯಲು ೨,೫೦೦ ಮೀಟರ್ ಕೆಳಗೆ ಇಳಿದುಬರಬೇಕಾಯಿತು. ಜನಪ್ರಿಯ ಕಥೆಯಲ್ಲಿ ಈ ಕೆಸರಿಗೆ ಎಡೆಯಿಲ್ಲ, ಏಕೆಂದರೆ ಅದು ಅದ್ಭುತವಲ್ಲ. ನನ್ನ ಮಟ್ಟಿಗೆ ಇಡೀ ಇತಿಹಾಸದಲ್ಲಿ ಇದೇ ಹೆಚ್ಚು ಬೆಲೆಯುಳ್ಳ ಪುಟ.

ಈಗ ಮೂರನೆಯ ಮಾತು, ವಿದ್ಯಾರ್ಥಿಯ ಪ್ರಶ್ನೆ. ರಿಫ್ಟಿಯದೊಳಗಿನ ಬ್ಯಾಕ್ಟೀರಿಯ ಸಲ್ಫೈಡನ್ನು ಸಲ್ಫೇಟಾಗಿಸಿ ಶಕ್ತಿ ಪಡೆಯುವುದು ಆಮ್ಲಜನಕದೊಡನೆ ಕೂಡಿಸಿ. ಬುಗ್ಗೆಯಿಂದ ಬರುವ ನೀರಿನಲ್ಲಿ ಆಮ್ಲಜನಕವಿಲ್ಲ. ಅದು ಸುತ್ತಣ ತಣ್ಣನೆಯ ಕಡಲನೀರಿನಲ್ಲಿದೆ. ಕಡಲನೀರಿಗೆ ಅದು ಬಂದುದು ಗಾಳಿಯಿಂದ. ಗಾಳಿಗೆ ಬಂದುದು ಗಿಡಮರಗಳೂ ಪಾಚಿಗಳೂ ಸೂರ್ಯನ ಬೆಳಕಿನಲ್ಲಿ ನಡಸಿದ ದ್ಯುತಿಸಂಶ್ಲೇಷಣೆಯಿಂದ. ಅಟ್ಲಾಂಟಿಕದ ಉತ್ತರ ತುದಿಯಲ್ಲಿಯೂ ಅಂಟಾರ್ಕ್ಟಿಕದ ಸುತ್ತಲೂ ತಣ್ಣಗಾಗಿ ಭಾರವಾದ ನೀರು ಕೆಳಕ್ಕೆ ಮುಳುಗಿ, ತಳದಲ್ಲಿ ಮೆಲ್ಲಮೆಲ್ಲಗೆ ಸರಿಯುತ್ತದೆ. ಪೆಸಿಫಿಕ್ ಸಾಗರದ ಆಳವನ್ನು ತಲಪುವ ಹೊತ್ತಿಗೆ ಅದು ಮೇಲ್ಮೈಯನ್ನು ಬಿಟ್ಟು ಹಲವು ನೂರರಿಂದ ಸಾವಿರ ವರ್ಷಗಳವರೆಗೆ ಆಗಿರುತ್ತದೆ. ಗಜನಿಯ ಮಹಮೂದನು ದಂಡೆತ್ತಿ ಬರುತ್ತಿದ್ದ ಕಾಲದಲ್ಲಿ ಬಿಸಿಲು ಕಂಡ ನೀರು ಇಂದು ಆ ಹುಳುಗಳಿಗೆ ಉಸಿರಾಗಿರಬಹುದು. ಬುಗ್ಗೆಯ ಸಮುದಾಯ ಸೂರ್ಯನಿಂದ ಸ್ವತಂತ್ರವಲ್ಲ. ಹಳೆಯ ಬಿಸಿಲಿನ ಸಾಲವನ್ನು ಉಸಿರಾಡುತ್ತಿದೆ. ಸೂಕ್ಷ್ಮಜೀವಿಗಳನ್ನು ಕುರಿತು ಕೆಲಸ ಮಾಡಿದ ವಿಜ್ಞಾನಿಗಳು ಇದನ್ನೇನೂ ಮುಚ್ಚಿಟ್ಟಿಲ್ಲ. ಮುಚ್ಚಿದವರು ಕಥೆಯನ್ನು ಸಂಗ್ರಹಿಸಿ ಹೇಳಿದ ನಮ್ಮಂಥವರು.

ಹಾಗೆಂದು ಇನ್ನೊಂದು ತುದಿಗೆ ಓಡುವುದೂ ಸಲ್ಲದು. ಆಮ್ಲಜನಕವೇ ಬೇಡವಾದ ಜೀವಿಗಳು ಬುಗ್ಗೆಗಳಲ್ಲಿ ಉಂಟು. ೨೧ ಡಿಗ್ರಿ ಉತ್ತರದ ಬಿಳಿಹೊಗೆಯ ಕೊಳವೆಯೊಂದರ ಬುಡದಿಂದ ೧೯೮೨ರಲ್ಲಿ ತಂದು ಮರುವರ್ಷ ವರ್ಣಿಸಿದ ಜೀವಿಯೊಂದಕ್ಕೆ, ಹಾಲ್ಗರ್ ಯಾನಾಶ್ ಎಂಬ ಸೂಕ್ಷ್ಮಜೀವಿ ವಿಜ್ಞಾನಿಯ ಗೌರವಾರ್ಥವಾಗಿ ಯಾನಾಶಿಯೈ ಎಂದು ಹೆಸರಿಟ್ಟರು. ಅದು ಜಲಜನಕವನ್ನೂ ಇಂಗಾಲದ ಡೈ ಆಕ್ಸೈಡನ್ನೂ ಕೂಡಿಸಿ ಮೀಥೇನನ್ನು ಬಿಡುತ್ತದೆ. ೮೫ ಡಿಗ್ರಿ ಉಷ್ಣತೆ ಅದಕ್ಕೆ ಹಿತ. ಆಮ್ಲಜನಕ ಅದಕ್ಕೆ ವಿಷ. ಬ್ಯಾಕ್ಟೀರಿಯಗಳಿಂದ ಬೇರೆಯಾದ ಆರ್ಕಿಯ ಎಂಬ ವಂಶಕ್ಕೆ ಸೇರಿದ ಈ ಜೀವಿಯ ಇಡೀ ಆನುವಂಶಿಕ ಲಿಪಿಯನ್ನು ೧೯೯೬ರಲ್ಲಿ ಓದಿ ಮುಗಿಸಿದರು. ಆ ವಂಶದಲ್ಲಿ ಹೀಗೆ ಓದಿಸಿಕೊಂಡ ಮೊದಲ ಜೀವಿ ಅದೇ. ಬೇಕಾದ ಜಲಜನಕ ಬಿಸಿನೀರೂ ಬಂಡೆಯೂ ವರ್ತಿಸುವುದರಿಂದ ಹುಟ್ಟುತ್ತದೆ. ಇಂಥ ಜೀವಿಗಳ ವಿಷಯದಲ್ಲಿ ಸೂರ್ಯನ ಹಂಗಿಲ್ಲವೆಂಬ ಮಾತನ್ನು ಸಾಕಷ್ಟು ಧೈರ್ಯದಿಂದ ಹೇಳಬಹುದು. ಆದರೆ ಅವುಗಳ ಪಾಲಿನ ಕೀರ್ತಿಯನ್ನು ಹುಳುಗಳ ಚಿತ್ರದ ಕೆಳಗೆ ಅಚ್ಚುಮಾಡುವುದು ಒಬ್ಬನ ಶಾಸನವನ್ನು ಇನ್ನೊಬ್ಬನ ತಲೆಗೆ ಕಟ್ಟಿದಂತೆ. ಪ್ರಕೃತಿಯಾದರೂ ನಮ್ಮ ವರ್ಗೀಕರಣಗಳನ್ನು ಲೆಕ್ಕಿಸುವುದಿಲ್ಲವೆಂಬುದಕ್ಕೆ ೨೦೦೫ರ ವರದಿಯೊಂದು ಸಾಕ್ಷಿ: ಪೂರ್ವ ಪೆಸಿಫಿಕ್ ಶ್ರೇಣಿಯ ಕೊಳವೆಯೊಂದರ ಬಳಿ ಸಿಕ್ಕ ಹಸುರು ಗಂಧಕ ಬ್ಯಾಕ್ಟೀರಿಯ, ಬಿಸಿನೀರಿನ ಅತಿ ಮಂದವಾದ ಹೊಳಪಿನಲ್ಲಿ ದ್ಯುತಿಸಂಶ್ಲೇಷಣೆ ನಡಸುವಂತೆ ತೋರುತ್ತದೆ. ಕತ್ತಲೆಯ ಲೋಕದಲ್ಲಿ ಬೆಳಕಿನ ಬೆಳೆ!

ಜೀವದ ಉಗಮವನ್ನು ಈ ಬುಗ್ಗೆಗಳಿಗೆ ಒಯ್ದು ಕಟ್ಟುವ ವಾದದ ವಿಷಯದಲ್ಲಿ ಒಂದೆರಡು ಮಾತು ಸಾಕು. ಕಾರ್ಲಿಸ್, ಬರಾಸ್, ಹಾಫ್ಮನ್ ಎಂಬವರು ೧೯೮೧ರಲ್ಲಿಯೇ ಈ ವಾದವನ್ನು ಹೂಡಿದರು. ಅಷ್ಟು ಬಿಸಿಯಲ್ಲಿ ಸಾವಯವ ಅಣುಗಳು ಕಟ್ಟಿಕೊಳ್ಳುವುದಕ್ಕಿಂತ ಒಡೆಯುವುದೇ ಹೆಚ್ಚೆಂದು ಸ್ಟಾನ್ಲಿ ಮಿಲ್ಲರ್, ಜೆಫ್ರಿ ಬಾಡ ೧೯೮೮ರಲ್ಲಿ ಆಕ್ಷೇಪಿಸಿದರು. ೨೦೦೦ದಲ್ಲಿ ಅಟ್ಲಾಂಟಿಕದ ನಡುವೆ ಬೇರೆ ಬಗೆಯ ಬುಗ್ಗೆಗಳು ಕಂಡುಬಂದ ಮೇಲೆ ವಾದ ಹೊಸ ರೂಪ ತಾಳಿತು: ಅಲ್ಲಿಯ ನೀರು ೪೦ರಿಂದ ೯೦ ಡಿಗ್ರಿಯದು, ಕ್ಷಾರಗುಣದ್ದು, ಸುಣ್ಣಕಲ್ಲಿನ ಗೋಪುರಗಳು ೬೦ ಮೀಟರಿನಷ್ಟು ಎತ್ತರ. ವಾದ ಇನ್ನೂ ತೀರ್ಮಾನವಾಗಿಲ್ಲ. ಆದರೆ ಇಂದಿನ ಬುಗ್ಗೆಯ ಜೀವಿಗಳನ್ನು ಆದಿಜೀವಿಗಳ ಉಳಿಕೆಯೆಂಬಂತೆ ವರ್ಣಿಸುವುದು ಕಾಲವಿಪರ್ಯಾಸ. ನಾಗರಿಕತೆಯ ಬಾಲ್ಯವನ್ನು ಇಂದಿನ ಗುಡ್ಡಗಾಡು ಜನರಲ್ಲಿ ಹುಡುಕಿದ ಕಳೆದ ಶತಮಾನದ ಕೆಲವರ ತಪ್ಪೂ ಇದೇ ಜಾತಿಯದು. ಆಮ್ಲಜನಕವಿಲ್ಲದ ಆದಿಕಾಲದ ಕಡಲಿನಲ್ಲಿ ರಿಫ್ಟಿಯ ಒಂದು ಗಳಿಗೆಯೂ ಬದುಕಲಾರದು.

ಇದೆಲ್ಲ ಅಧ್ಯಾಪಕರ ಕೊಠಡಿಯ ಚರ್ಚೆಯಷ್ಟೇ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಬುಗ್ಗೆಗಳು ನಮ್ಮ ಸಾಗರದಲ್ಲಿಯೂ ಇವೆ. ಹಿಂದೂ ಮಹಾಸಾಗರದ ನಡುಶ್ರೇಣಿಯಲ್ಲಿ ಜಪಾನಿನ ವಿಜ್ಞಾನಿಗಳು ೨೦೦೦ದಲ್ಲಿ ಕೈರೇ ಎಂಬ ಬುಗ್ಗೆಗಳ ತಾಣವನ್ನು ಕಂಡರು. ಅಲ್ಲಿಂದ ತಂದ ಮೀಥೇನ್‌ಕಾರಕ ಜೀವಿಯೊಂದು ಹೆಚ್ಚಿನ ಒತ್ತಡದಲ್ಲಿ ೧೨೨ ಡಿಗ್ರಿಯವರೆಗೆ ಬೆಳೆಯಿತೆಂದು ೨೦೦೮ರಲ್ಲಿ ವರದಿಯಾಯಿತು. ಜೀವಿಯೊಂದು ಅದಕ್ಕೂ ಮೇಲಿನ ಉಷ್ಣತೆಯಲ್ಲಿ ಬೆಳೆದ ವರದಿ ಅದುವರೆಗೆ ಇರಲಿಲ್ಲ. ಅದೇ ತಾಣದಲ್ಲಿ ೨೦೦೧ರಲ್ಲಿ ಸಿಕ್ಕ ಬಸವನಹುಳುವೊಂದರ ಪಾದದ ಮೇಲೆ ಕಬ್ಬಿಣದ ಸಲ್ಫೈಡಿನ ಪರೆಗಳಿವೆ. ಅದೂ ಒಡಲಿನೊಳಗಣ ಬ್ಯಾಕ್ಟೀರಿಯಗಳಿಂದಲೇ ಬದುಕುವುದು. ೨೦೧೯ರಲ್ಲಿ ಅದು ಅಳಿವಿನ ಅಂಚಿನ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. ಕಾರಣ ಗಣಿಗಾರಿಕೆಯ ಭಯ. ಬುಗ್ಗೆಗಳ ಬಾಯಲ್ಲಿ ಗಟ್ಟಿಯಾಗುವ ಸಲ್ಫೈಡುಗಳಲ್ಲಿ ತಾಮ್ರ, ಸತುವು, ಚಿನ್ನ, ಬೆಳ್ಳಿಗಳಿವೆ. ಅಂಥ ಅದಿರುಗಳನ್ನು ಹಿಂದೂ ಮಹಾಸಾಗರದ ೧೦,೦೦೦ ಚದರ ಕಿಲೋಮೀಟರಿನಲ್ಲಿ ಶೋಧಿಸಲು ಭಾರತ ಸರ್ಕಾರ ೨೦೧೬ರಲ್ಲಿ ಅಂತರರಾಷ್ಟ್ರೀಯ ಕಡಲತಳ ಪ್ರಾಧಿಕಾರದೊಡನೆ ಹದಿನೈದು ವರ್ಷಗಳ ಒಪ್ಪಂದ ಮಾಡಿಕೊಂಡಿತು. ೨೦೨೪ರ ಡಿಸೆಂಬರಿನಲ್ಲಿ ನಮ್ಮ ವಿಜ್ಞಾನಿಗಳು ಈ ಸಾಗರದ ಸುಮಾರು ೪,೫೦೦ ಮೀಟರ್ ಆಳದ ಜೀವಂತ ಬುಗ್ಗೆಯೊಂದರ ಚಿತ್ರಗಳನ್ನು ತಂದರು. ಶೋಧನೆ ಬೇರೆ, ಗಣಿಗಾರಿಕೆ ಬೇರೆ; ಎರಡನೆಯದಕ್ಕೆ ಅಪ್ಪಣೆ ಇನ್ನೂ ದೊರೆತಿಲ್ಲ.

ನಾಳೆ ಇದರ ಬಗ್ಗೆ ಅಭಿಪ್ರಾಯ ಹೇಳಬೇಕಾದವರು ಇಂದು ನಮ್ಮ ತರಗತಿಗಳಲ್ಲಿ ಕುಳಿತಿದ್ದಾರೆ. ಬುಗ್ಗೆಗಳು ಸೂರ್ಯನಿಗೂ ನಮಗೂ ಸಂಬಂಧವಿಲ್ಲದ ಬೇರೊಂದು ಲೋಕವೆಂದು ಕಲಿತವನಿಗೆ, ಆ ಲೋಕದಲ್ಲಿ ಏನು ಅಗೆದರೂ ಈ ಲೋಕಕ್ಕೆ ತಾಗದೆಂದು ತೋರುವುದು ಸಹಜ. ನಾವು ಉಸಿರಾಡುವ ಗಾಳಿಯೇ ಅಲ್ಲಿಯ ಹುಳುವಿನ ರಕ್ತದಲ್ಲಿಯೂ ಇದೆಯೆಂದು ತಿಳಿದವನು ಬೇರೆ ಪ್ರಶ್ನೆಗಳನ್ನು ಕೇಳುತ್ತಾನೆ. ಅವನ ತೀರ್ಮಾನ ಏನೇ ಆಗಲಿ, ಅದು ಅವನದು. ಅದಕ್ಕೆ ಬೇಕಾದ ಸಂಗತಿಗಳನ್ನು ಸರಿಯಾಗಿ ಕೊಡುವುದು ನಮ್ಮ ಹೊಣೆ.

ಈ ವರ್ಷದ ನನ್ನ ಟಿಪ್ಪಣಿಯಲ್ಲಿ 'ಸೂರ್ಯನ ಹಂಗಿಲ್ಲದ ಜೀವಲೋಕ' ಎಂಬ ತಲೆಬರೆಹವನ್ನು ಹೊಡೆದುಹಾಕಿ, ಸಲ್ಫೈಡು ಭೂಮಿಯ ಒಡಲಿನದು, ಆಮ್ಲಜನಕ ಹಳೆಯ ಬಿಸಿಲಿನದು, ಮೀಥೇನ್‌ಕಾರಕಗಳ ಮಾತು ಬೇರೆ ಎಂದು ಮೂರು ಸಾಲು ಬರೆದಿದ್ದೇನೆ. ಪ್ರಶ್ನೆ ಕೇಳಿದ ವಿದ್ಯಾರ್ಥಿ ಅಷ್ಟರಲ್ಲಿ ತೇರ್ಗಡೆಯಾಗಿ ಹೋಗಿದ್ದ. ಉಳಿದವರು, ಹಿಂದಿನ ತಲೆಬರೆಹವೇ ನೆನಪಿಡಲು ಸುಲಭವಾಗಿತ್ತೆಂದು ದೂರುತ್ತಿದ್ದಾರೆ.